ರೇಷ್ಮೆಹುಳುವಿನ ರಕ್ತರಸ: ಟ್ಯೂಬಿನಲ್ಲೇ ಕಪ್ಪಾಗುವುದು, ಜೆಲ್‌ನಲ್ಲಿ ಮಸಿಯಾಗುವುದು

ಪ್ರಶ್ನೆ: 4ನೇ ಜ್ವರ (ಪೊರೆ ಬಿಡುವುದು) ಎದ್ದ ಹುಳುವಿನಿಂದ ಪತಂಗದವರೆಗೆ ರಕ್ತರಸ (ಹುಳುವಿನ ರಕ್ತ) ತೆಗೆದು, ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ 10% ಎಸ್‌ಡಿಎಸ್ ಜೆಲ್‌ನಲ್ಲಿ ಓಡಿಸಬೇಕು. ಟ್ಯೂಬಿನಲ್ಲೇ ಕಪ್ಪಾಗುತ್ತಿದೆ. ಕೋಶದ (ಪ್ಯೂಪಾ) ರಸ ಓಡಿಸಿದ ಲೇನ್ ಅಂತೂ ಬರೀ ಮಸಿ, ಪಟ್ಟಿಗಳೇ ಬಿಡಿಸಿ ಕಾಣುವುದಿಲ್ಲ. ಏನು ತಪ್ಪು?

ಉತ್ತರ 1: ಕಪ್ಪಾಗುವುದು ರಕ್ತದಲ್ಲಿರುವ ಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವದ ಕೆಲಸ. ಅದನ್ನು ತಡೆಯುವ ಫಿನೈಲ್‌ಥಯೋಯೂರಿಯಾದ ಒಂದೆರಡು ಹರಳು ಟ್ಯೂಬಿಗೆ ಮೊದಲೇ ಹಾಕಿ ಐಸ್‌ನಲ್ಲಿಡಿ. ರಕ್ತ ಬಿದ್ದ ಮೇಲೆ ಹಾಕಿದರೆ ತಡವಾಯಿತು. ಆ ಹರಳು ವಿಷ, ಗ್ಲೌಸ್ ಬೇಕು. ಹೊಟ್ಟೆಗಾಲಿನ ತುದಿ ಕತ್ತರಿಸಿ, ತಾನಾಗಿ ಬರುವ ಹನಿ ಮಾತ್ರ ಹಿಡಿಯಿರಿ. ಹಿಂಡಿದರೆ ಕರುಳಿನ ರಸ ಸೇರಿ ಅದರ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಎಲ್ಲವನ್ನೂ ತುಂಡರಿಸುತ್ತದೆ.

ಉತ್ತರ 2: ಕೋಶದಲ್ಲಿ ಕೊಬ್ಬಿನಂಗ ಕಳಚಿಕೊಂಡು ರಸದಲ್ಲಿ ತೇಲುತ್ತದೆ. 4 ಡಿಗ್ರಿಯಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ಕೆನೆ, ತಳದ ಗಸಿ ಎರಡನ್ನೂ ಬಿಟ್ಟು ನಡುವಿನದ್ದನ್ನು ಎಳೆದುಕೊಳ್ಳಿ. ಬ್ರಾಡ್‌ಫೋರ್ಡ್ ಬಣ್ಣದ ಪರೀಕ್ಷೆಯಲ್ಲಿ ಪ್ರೋಟೀನ್ ಅಳೆದು ಹಾಕಿ, ಲೇನಿಗೆ 10–15 ಮೈಕ್ರೊಗ್ರಾಂ ಸಾಕು. ಪ್ರೋಟೀನ್ ಅಳೆಯದೆ ಎಲ್ಲ ಲೇನಿಗೂ ಒಂದೇ ಅಳತೆಯ ರಸ ಹಾಕುವುದೇ ಮಸಿಗೆ ಮುಖ್ಯ ಕಾರಣ. ಹುಳು ಹಣ್ಣಾಗುವ (ಗೂಡು ಕಟ್ಟಲು ಸಿದ್ಧವಾಗುವ) ಹೊತ್ತಿಗೆ ಪ್ರೋಟೀನ್ ವಿಪರೀತ ಏರಿರುತ್ತದೆ.

ಉತ್ತರ 3: ಗಂಡು-ಹೆಣ್ಣು ಬೆರೆಸಬೇಡಿ. ಎಸ್‌ಪಿ1 ಎಂಬ ಸಂಗ್ರಹ ಪ್ರೋಟೀನ್ ಹೆಣ್ಣಿನಲ್ಲಿ ಏರುತ್ತದೆ, ಗಂಡಿನಲ್ಲಿ ಕುಸಿಯುತ್ತದೆ, ಮೊಟ್ಟೆಗೆ ಹೋಗುವ ಪ್ರೋಟೀನ್ ವೈಟೆಲೊಜೆನಿನ್ ಮುಖ್ಯವಾಗಿ ಹೆಣ್ಣಿನದ್ದು. 30 ಕಿಲೊಡಾಲ್ಟನ್ ಆಸುಪಾಸಿನ ಚಿಕ್ಕ ಪ್ರೋಟೀನ್‌ಗಳ ಗುಂಪು ಬಿಡಿಬಿಡಿಯಾಗಿ ಬೇಕಿದ್ದರೆ 12% ಜೆಲ್ ಹಾಕಿ.