ಬಿಸಿಲೇರಿದರೆ ನಿಂತುಬಿಡುವ, ಮಂಜಿನಲ್ಲಿ ದಿಕ್ಕು ತಪ್ಪುವ ಸನ್ ಸೆನ್ಸರ್: ಪರಿಹಾರ ಬೇಕು

ಪ್ರಶ್ನೆ (ಮಡಿಕೇರಿ):
ಕಾಫಿ ಕಣದ ಪಕ್ಕದ ಸೋಲಾರ್ ಪ್ಯಾನೆಲ್ ತಾನಾಗಿಯೇ ಸೂರ್ಯನ ಕಡೆ ತಿರುಗಲಿ ಅಂತ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ಮಾಡಿದ್ದೇನೆ. ನಾಲ್ಕು ಬಿಪಿಡಬ್ಲ್ಯೂ34 ಫೋಟೋಡಯೋಡ್ (ಬೆಳಕು ಬಿದ್ದಷ್ಟೂ ಕರೆಂಟ್ ಕೊಡುವ ಬಿಡಿಭಾಗ), ಒಂದೊಂದಕ್ಕೂ 100 ಕಿಲೋ ಓಮ್ ರೆಸಿಸ್ಟರ್, ನಡುವೆ ಕೂಡಿಸುವ ಗುರುತಿನ ಆಕಾರದಲ್ಲಿ 8 ಮಿ.ಮೀ. ಎತ್ತರದ ಕಪ್ಪು ಗೋಡೆ. ಓದುವುದು ಆರ್ಡುಯಿನೊ ಊನೊ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡ್. ಮುಂಜಾನೆ ಚೆನ್ನಾಗಿ ತಿರುಗುತ್ತದೆ. ಬಿಸಿಲೇರಿದ ಮೇಲೆ ನಾಲ್ಕೂ ಪಿನ್ 1020ರ ಆಸುಪಾಸು (ಗರಿಷ್ಠ 1023) ತೋರಿಸಿ ಅಲ್ಲೇ ನಿಲ್ಲುತ್ತವೆ. ಮಂಜು ಕವಿದರೆ ಮೋಟಾರ್ ಸುಮ್ನೆ ಆಚೆ ಈಚೆ ಓಡಾಡುತ್ತದೆ. ಡಯೋಡ್ ಕೆಟ್ಟಿದೆಯಾ?

ಉತ್ತರ (ಕುಶಾಲನಗರ):
ಡಯೋಡ್ ಚೆನ್ನಾಗಿದೆ, ರೆಸಿಸ್ಟರ್ ಜಾಸ್ತಿಯಾಯ್ತು. 5 ವೋಲ್ಟಿಗೆ 100 ಕಿಲೋ ಓಮ್ ಅಂದರೆ ಬರೀ 50 ಮೈಕ್ರೋ ಆಂಪ್‌ಗೇ ಅಳತೆ ಮುಗಿದುಹೋಗುತ್ತದೆ. ನೇರ ಬಿಸಿಲಿನಲ್ಲಿ ಈ ಡಯೋಡ್ ಮಿಲಿ ಆಂಪ್ ಲೆಕ್ಕದಲ್ಲಿ ಕರೆಂಟ್ ಕೊಡುತ್ತದೆ. ಗೋಡೆಯ ನೆರಳಲ್ಲಿರುವ ಡಯೋಡನ್ನೂ ತುಂಬಿಸಲು ಆಕಾಶದ ಬೆಳಕೊಂದೇ ಸಾಕು. ನಾಲ್ಕೂ ತುಂಬಿ ನಿಂತರೆ ವ್ಯತ್ಯಾಸ ಎಲ್ಲಿಂದ ಬರಬೇಕು? 1 ಕಿಲೋ ಓಮ್ ಹಾಕಿ ನೋಡಿ. ಕೋಡ್‌ನಲ್ಲಿ ಬರೀ ಕಳೆಯಬೇಡಿ, ಭಾಗಿಸಿ: (ಪೂರ್ವ − ಪಶ್ಚಿಮ) ÷ (ಪೂರ್ವ + ಪಶ್ಚಿಮ). ಆಗ ಬಿಸಿಲು ಖಾರವಾಗಿದ್ದರೂ ಮಂದವಾಗಿದ್ದರೂ ಕೋನದ ಲೆಕ್ಕ ಅಷ್ಟಾಗಿ ಏರುಪೇರಾಗುವುದಿಲ್ಲ.

ಪ್ರಶ್ನೆ ಕೇಳಿದವರು:
1 ಕಿಲೋ ಓಮ್ ಹಾಕಿದೆ, ಮಧ್ಯಾಹ್ನವೂ ತಿರುಗುತ್ತಿದೆ. ತುಂಬಾ ಥ್ಯಾಂಕ್ಸ್! ಆದರೆ ಸೂರ್ಯ ಐದಾರು ಡಿಗ್ರಿ ಜರುಗುವ ತನಕ ಸುಮ್ಮನಿದ್ದು, ಆಮೇಲೆ ಎದ್ದು ಓಡುತ್ತದೆ. ಯಾವಾಗಲೂ ಸ್ವಲ್ಪ ಪಶ್ಚಿಮಕ್ಕೇ ವಾಲಿರುತ್ತದೆ. ಮಂಜಿನ ಕಾಟವೂ ಹಾಗೇ ಇದೆ.

ಉತ್ತರ (ವಿರಾಜಪೇಟೆ):
ಸೆನ್ಸರ್ ಚಿಕ್ಕದಾದಷ್ಟೂ ಇದು ಕಾಡುತ್ತದೆ. ನೆರಳಿನ ಉದ್ದ ಅಂದರೆ ಗೋಡೆಯ ಎತ್ತರ ಗುಣಿಸು ಕೋನದ ಟ್ಯಾನ್. ನಿಮ್ಮ ಗೋಡೆಗೆ 1 ಡಿಗ್ರಿಗೆ 0.14 ಮಿ.ಮೀ. ನೆರಳು ಬೀಳುತ್ತದೆ. ಗೋಡೆಗೂ ಡಯೋಡಿನ ಒಳಗಿನ ಬೆಳಕು ಹಿಡಿಯುವ ಚಿಪ್‌ಗೂ ನಡುವೆ 1 ಮಿ.ಮೀ. ಜಾಗ ಬಿಟ್ಟಿದ್ದರೆ, ನೆರಳು ಅದನ್ನು ದಾಟುವಷ್ಟರಲ್ಲಿ ಸೂರ್ಯ 7 ಡಿಗ್ರಿ ಜರುಗಿರುತ್ತಾನೆ. ಅಲ್ಲಿಯವರೆಗೆ ಸೆನ್ಸರ್‌ಗೆ ಏನೂ ಗೊತ್ತೇ ಆಗುವುದಿಲ್ಲ. ಡಯೋಡಿನ ಪ್ಲಾಸ್ಟಿಕ್ ಅಂಚನ್ನು ಗೋಡೆಗೆ ಒತ್ತಿ ಕೂರಿಸಿ, ಗೋಡೆಯನ್ನು 15 ಮಿ.ಮೀ.ಗೆ ಏರಿಸಿ. ಜಾಸ್ತಿ ಎತ್ತರಿಸಿದರೆ ನೋಟದ ಅಗಲ ಕಮ್ಮಿಯಾಗುತ್ತದೆ, ಅದಕ್ಕೆ ಅಷ್ಟೇ ಸಾಕು. ಗೋಡೆಗೆ ಹೊಳಪಿಲ್ಲದ ಕಪ್ಪು ಬಣ್ಣವೇ ಇರಲಿ.

ವಾಲುವುದು ಸೆನ್ಸರ್‌ನಿಂದಲೋ ಸ್ಟ್ಯಾಂಡಿನಿಂದಲೋ ತಿಳಿಯಲು ಡಬ್ಬಿಯನ್ನು 180 ಡಿಗ್ರಿ ತಿರುಗಿಸಿ ಕೂರಿಸಿ, ಕೋಡ್‌ನಲ್ಲೂ ಪೂರ್ವ ಪಶ್ಚಿಮ ಅದಲು ಬದಲು ಮಾಡಿ. ಈಗ ಪೂರ್ವಕ್ಕೆ ವಾಲಿದರೆ ತಪ್ಪು ಡಯೋಡುಗಳದ್ದು, ಎರಡೂ ಒಂದೇ ಸಮ ಇಲ್ಲ ಅಂತ. ಒಂದರ ಓದಿಗೆ ಗುಣಕ ಹಾಕಿ ಸರಿದೂಗಿಸಿ. ಆಗಲೂ ಪಶ್ಚಿಮಕ್ಕೇ ವಾಲಿದರೆ ಸ್ಟ್ಯಾಂಡ್ ನೋಡಿ.

ಮಂಜನ್ನು ಮಾತ್ರ ಸರ್ಕ್ಯೂಟಿನಿಂದ ಗೆಲ್ಲಲಾಗದು. ಬೆಳಕು ಎಲ್ಲಾ ಕಡೆಯಿಂದ ಬಂದರೆ ನೆರಳೇ ಇಲ್ಲ, ನೆರಳಿಲ್ಲದಿದ್ದರೆ ದಿಕ್ಕೂ ಇಲ್ಲ ಅಲ್ವಾ? ಉಪಗ್ರಹಗಳಿಗೂ ಇಂಥದೇ ಪಾಡು: ಭೂಮಿಯಿಂದ ಪ್ರತಿಫಲಿಸಿ ಬರುವ ಬೆಳಕು ಅವುಗಳ ಸರಳ ಸನ್ ಸೆನ್ಸರ್‌ಗಳ ಲೆಕ್ಕ ಕೆಡಿಸುತ್ತದೆ. ನಾಲ್ಕರ ಮೊತ್ತ ನೋಡಿ. ನಾಲ್ಕೂ ಸಮ ಇದ್ದು ಮೊತ್ತ ಜಾಸ್ತಿ ಇದ್ದರೆ ಸೂರ್ಯನಿಗೆ ನೇರವಾಗಿದೆ. ಮೊತ್ತ ಕಮ್ಮಿ ಇದ್ದರೆ ಮಂಜು, ಮೋಟಾರ್ ಮುಟ್ಟಬೇಡಿ. ಮಂಜು ಗಂಟೆಗಟ್ಟಲೆ ನಿಂತರೆ ಗಡಿಯಾರ ನೋಡಿ ತಿರುಗಿಸಿ. ಮಡಿಕೇರಿಯಲ್ಲಿ ಸೂರ್ಯ ನಡುನೆತ್ತಿಯ ಗೆರೆ ದಾಟುವುದು ಸರಾಸರಿ 12:27ಕ್ಕೆ, ತಿಂಗಳಿಗೆ ತಕ್ಕಂತೆ ಕಾಲು ಗಂಟೆಯಷ್ಟು ಹಿಂದೆ ಮುಂದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ನಿಮ್ಮ ಸ್ಟ್ಯಾಂಡ್ ಆ ಕಡೆಗೂ ಬಾಗುತ್ತದೆಯಾ ನೋಡಿಕೊಳ್ಳಿ.

ಸಿಲ್ವರ್ ಓಕ್ ನೆರಳು ಬೀಳುವ ಕಡೆ ಮಾತ್ರ ಇಡಬೇಡಿ. ಎಲೆಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಚೆನ್ನಾಗಿಯೇ ಒಳಗೆ ಬಿಡುತ್ತವೆ, ಈ ಡಯೋಡಿನ ಕಣ್ಣು ಚುರುಕಾಗಿರುವುದೂ ಆ ಬೆಳಕಿಗೇ.