ಲಕ್ಷದ್ವೀಪಕ್ಕೆ ಡೈವಿಂಗ್‌ಗೆ ಹೋಗಬಹುದಾ? ಹೋಗಿಬಂದವರು ಹೇಳಿ

ಪ್ರಶ್ನೆ: ಜನವರಿಯಲ್ಲಿ ನಾನು, ನನ್ನ ತಮ್ಮ ಅಲ್ಲಿನ ಕಡ್ಮತ್ ದ್ವೀಪಕ್ಕೆ ಹೋಗಿ ಮೊದಲ ಸಲ ಡೈವಿಂಗ್ ಮಾಡೋಣ ಅಂತಿದ್ದೇವೆ. 2024ರಿಂದೀಚೆಗೆ ಲಕ್ಷದ್ವೀಪದ ಹುಚ್ಚು ಎಲ್ಲರಿಗೂ ಹತ್ತಿದೆ, ಅತ್ತ ಹವಳ ಸಾಯ್ತಿದೆ ಅಂತಲೂ ಓದಿದೆ. ನಾವು ಹೋಗೋದೇ ತಪ್ಪಾ? ಹೋದರೆ ಏನು ನೋಡ್ಕೋಬೇಕು?

ಉತ್ತರ 1: ಹೋಗಿ, ಆದರೆ ಮೊದಲು ಈಜುಕೊಳದಲ್ಲಿ ತೇಲೋದನ್ನು ಸರಿಯಾಗಿ ಕಲೀರಿ. ನನ್ನ ಮೊದಲ ಡೈವ್‌ನಲ್ಲಿ ಗಾಬರಿಯಾಗಿ ಕಾಲು ಬಡಿದೆ, ಫಿನ್ (ಈಜೋಕೆ ಕಾಲಿಗೆ ಹಾಕೋ ರೆಕ್ಕೆ) ತಾಗಿ ಹವಳದ ಒಂದು ಕವಲು ಮುರೀತು. ಲಟಕ್ ಅಂದದ್ದು ನೀರೊಳಗೂ ಕೇಳಿಸಿತು ಮಾರಾಯ್ರೆ. ಕವಲು ಹವಳ ಹೇಗೋ ಚಿಗುರೀತು, ಗುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಕ್ಯಾಮೆರಾ ಬೇಡವೇ ಬೇಡ, ಗಮನವೆಲ್ಲ ಅದರ ಮೇಲಿದ್ದರೆ ಕೈಕಾಲು ಹವಳಕ್ಕೆ ತಾಗ್ತದೆ. ಥಾಯ್ಲೆಂಡಿನಲ್ಲಿ 2025ರಿಂದ ಹೊಸಬರು ನೀರೊಳಗೆ ಕ್ಯಾಮೆರಾ ಹಿಡಿಯೋ ಹಾಗೇ ಇಲ್ಲ.

ಉತ್ತರ 2: ಕಾಲು ತಾಗಿ ಹವಳ ಮುರಿಯೋದು ನಿಜ, ಆದರೆ ನಾನು ಮೂರು ಸಲ ಹೋಗಿಬಂದು ಕಂಡದ್ದು ಬೇರೆ. ಹವಳಕ್ಕೆ ದೊಡ್ಡ ಪೆಟ್ಟು ಬಿಸಿನೀರಿನದು. 1998, 2010, 2016, ಮತ್ತೆ 2024ರಲ್ಲಿ ಸಮುದ್ರ ಕಾದು ಹವಳ ಬಿಳಿಚಿಕೊಂಡಿತು. ಅದನ್ನು ನೀವು, ನಾನು ಅಲ್ಲಿ ನಿಂತು ತಡೆಯೋಕಾಗಲ್ಲ. ಆದರೆ ಬಿಳಿಚಿದ ಹವಳ ಚೇತರಿಸಿಕೊಳ್ಳಬೇಕಾದರೆ ನೀರು ಶುದ್ಧ ಇರಬೇಕು. ಪ್ರವಾಸಿಗರ ಪಾಲು ಶುರುವಾಗೋದೇ ಅಲ್ಲಿ.

ಆ ದ್ವೀಪಗಳಲ್ಲಿ ನದಿ ಇಲ್ಲ, ಕೆರೆ ಇಲ್ಲ. ಮಳೆನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗಿನ ಪದರವಾಗಿ ತೇಲ್ತದೆ, ಬಾವಿಯಲ್ಲಿ ಸಿಗೋದು ಅದೇ. ರೂಮು ಹೆಚ್ಚಾದಷ್ಟೂ ಆ ಪದರ ಖಾಲಿಯಾಗಿ ಉಪ್ಪು ಮೇಲೇರ್ತದೆ. ಇನ್ನು ಶೌಚಗುಂಡಿ. ಮರಳು ಅಂದರೆ ಜರಡಿ ಇದ್ದ ಹಾಗೆ: ಗುಂಡಿಗೆ ಇಳಿದದ್ದು ಬಾವಿಗೂ ಹೋಗ್ತದೆ, ಲಗೂನಿಗೂ (ದ್ವೀಪಕ್ಕೂ ಹವಳದ ಗೋಡೆಗೂ ನಡುವಿನ ಆಳವಿಲ್ಲದ ನೀರು) ಹೋಗ್ತದೆ. ಆ ಕೊಳಚೆಯೇ ಗೊಬ್ಬರವಾಗಿ ಕೊಬ್ಬಿದ ಪಾಚಿ ಹವಳದ ಮೇಲೆ ಹಬ್ಬಿ ಮರಿಹವಳ ಕೂರಲು ಜಾಗವನ್ನೇ ಬಿಡಲ್ಲ. ಜೆಟ್ಟಿಗೆ ಹೂಳೆತ್ತಿದರೆ ಎದ್ದ ಕೆಸರು ಬಂದು ಕೂರೋದೂ ಹವಳದ ಮೇಲೇ. ದ್ವೀಪ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಎತ್ತರ, ಅಷ್ಟೇ. ಹೊರಗಿನ ಹವಳದ ಗೋಡೆ ಅಲೆಯನ್ನು ತಡೆಯದಿದ್ದರೆ ಊರೇ ಇಲ್ಲ. ನಮಗೆ ಅದು ನಾಲ್ಕು ದಿನದ ನೋಟ, ಅಲ್ಲಿಯವರಿಗೆ ಮನೆಯ ಪಾಗಾರ.

ಪ್ರಶ್ನೆ ಕೇಳಿದವಳು: ಹಾಗಾದರೆ ಬುಕ್ ಮಾಡುವಾಗ ಏನು ಕೇಳ್ಬೇಕು?

ಉತ್ತರ 2: ಎರಡೇ. ದೋಣಿ ಲಂಗರು ಎಲ್ಲಿ ಹಾಕ್ತದೆ? ಕಾಯಂ ಬೋಯಾಕ್ಕೆ (ದೋಣಿ ಕಟ್ಟೋಕೆ ನೀರಲ್ಲಿ ತೇಲಿಬಿಟ್ಟ ಗುಂಡು) ಕಟ್ಟುತ್ತೇವೆ ಅಥವಾ ಮರಳಿನಲ್ಲಿ ಬಿಡ್ತೇವೆ ಅನ್ನಬೇಕು. ಒಂದು ಲಂಗರು ಒಂದು ಬೆಳಿಗ್ಗೆಯಲ್ಲಿ ಮಾಡೋ ಹಾಳನ್ನು ಹತ್ತು ಜನ ಹೊಸಬರು ಸೇರಿದರೂ ಮಾಡಲಾರರು. ಎರಡನೇದು, ಉಳಿಯೋ ಜಾಗದ ಕೊಳಚೆ ಎಲ್ಲಿ ಹೋಗ್ತದೆ? ಈ ಪ್ರಶ್ನೆ ಕೇಳೋಕೆ ಸಂಕೋಚ ಆಗ್ತದೆ, ಆದರೂ ಕೇಳಿ.

ಉತ್ತರ 3: ನನ್ನದೂ ಸೇರಿಸ್ಕೊಳ್ಳಿ. ಸನ್‌ಸ್ಕ್ರೀನ್ ಬಳಿದರೆ ಅದು ತೊಳೆದು ನೀರಿಗೇ ಸೇರ್ತದೆ, ಅದರ ಬದಲು ತುಂಬುತೋಳಿನ ಈಜುಡುಪು ಹಾಕಿ. ದಡದಲ್ಲಿ ಬಿದ್ದಿರೋ ಸತ್ತ ಹವಳದ ತುಂಡನ್ನೂ ಚೀಲಕ್ಕೆ ಹಾಕಬೇಡಿ, ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರೋ ಪಟ್ಟಿಯಲ್ಲೇ ಹವಳವೂ ಇದೆ. ಮತ್ತೆ, ಪ್ರವಾಸಿಗರನ್ನು ಕಡಿಮೆ ಮಾಡಿದರೆ ವ್ಯಾಪಾರ ಮುಳುಗ್ತದೆ ಅನ್ನೋರಿಗೆ ಮಲೇಷ್ಯಾದ ಸಿಪಾದಾನ್ ಅನ್ನೋ ಡೈವಿಂಗ್ ದ್ವೀಪ ತೋರಿಸಿ. 2004ರಲ್ಲಿ ರೆಸಾರ್ಟುಗಳನ್ನು ದ್ವೀಪದಿಂದಲೇ ಎಬ್ಬಿಸಿದರು, ಈಗ ದಿನಕ್ಕೆ ಇಷ್ಟೇ ಪರ್ಮಿಟ್. ಆದರೂ ಅಲ್ಲಿ ಡೈವ್ ಮಾಡೋಕೆ ಜನ ಸಾಲುಗಟ್ಟುತ್ತಾರೆ.

ಪ್ರಶ್ನೆ ಕೇಳಿದವಳು: ನಿನ್ನೆ ಒಬ್ಬ ಏಜೆಂಟರಿಗೆ ಫೋನ್ ಮಾಡಿದೆ. ಲಂಗರಿನ ಪ್ರಶ್ನೆಗೆ ಥಟ್ಟನೆ ಉತ್ತರ ಬಂತು. ಕೊಳಚೆಯದಕ್ಕೆ "ಅದೆಲ್ಲ ನಿಮಗ್ಯಾಕೆ ಮೇಡಂ" ಅಂತ ನಕ್ಕರು. ಬೇರೆಯವರನ್ನು ಹುಡುಕ್ತಿದ್ದೇವೆ. ತಮ್ಮ ಈಜುಕೊಳಕ್ಕೆ ಸೇರಿದ್ದಾನೆ.