ಗೆಳತಿಯ ಕರಡು ಓದುವಾಗ ಮತ್ಸರ ಅಡ್ಡ ಬಂದರೆ ಏನು ಮಾಡಬೇಕು?

ಪ್ರಶ್ನೆ: ಕಥೆಗಾರ್ತಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಗಿನಿಂದಲೂ ನಾನು ಮತ್ತು ನನ್ನ ಗೆಳತಿ ಒಬ್ಬರ ಕಥೆಯನ್ನು ಇನ್ನೊಬ್ಬರು ಅಚ್ಚಿಗೆ ಹೋಗುವ ಮೊದಲೇ ಓದುತ್ತ ಬಂದಿದ್ದೇವೆ. ಅವಳು ಇಳಕಲ್ಲಿನ ನೇಕಾರ ಮನೆತನದವಳು. ನನ್ನ ಕಥೆಯೊಂದರಲ್ಲಿ ‘ಅವಳು ಮಗ್ಗದ ಮುಂದೆ ಕುಳಿತಿದ್ದಳು’ ಎಂಬ ಸಾಲಿನ ಪಕ್ಕದಲ್ಲಿ ‘ಕುಳಿತು ಏನು ಮಾಡುತ್ತಿದ್ದಳು?’ ಎಂದು ಪೆನ್ಸಿಲ್ಲಿನಿಂದ ಕೇಳಿ, ಸೀರೆಯ ಒಡಲಿನ ಹಾಸಿನ (ಉದ್ದನೆಯ ನೂಲಿನ) ಎಳೆಗಳಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಬಗೆಯನ್ನು ಅಂಚಿನ ತುಂಬ ಬರೆದುಕೊಟ್ಟಿದ್ದಳು. ಆ ಕಥೆಯ ನಡುಭಾಗ ಹುಟ್ಟಿದ್ದೇ ಆ ಟಿಪ್ಪಣಿಯಿಂದ.

ಈ ವರ್ಷ ಇಬ್ಬರೂ ಒಂದೇ ಕಥಾಸ್ಪರ್ಧೆಗೆ ಬರೆದೆವು. ಬಹುಮಾನ ಅವಳಿಗೆ ಬಂತು. ಅಂದಿನಿಂದ ಅವಳ ಕರಡಿನಲ್ಲಿ ನನಗೆ ಕಾಣುವ ದೋಷ ನಿಜವಾಗಿ ಅಲ್ಲಿರುವುದೋ, ನನ್ನ ಹೊಟ್ಟೆಕಿಚ್ಚು ಹುಡುಕಿಕೊಟ್ಟದ್ದೋ ತಿಳಿಯದಾಗಿದೆ. ಹೊಗಳಿದರೂ ಅದು ಮನಸ್ಸನ್ನು ಮುಚ್ಚಿಡಲು ಆಡಿದ ಮಾತಿನಂತೆ ನನಗೇ ಕೇಳಿಸುತ್ತದೆ. ಇದನ್ನು ಅವಳಿಗೆ ಹೇಳಿಬಿಡಲೇ, ಅಥವಾ ಏನಾದರೂ ನೆಪ ಹೇಳಿ ಕೆಲಕಾಲ ಓದುವುದನ್ನೇ ನಿಲ್ಲಿಸಲೇ?

ಉತ್ತರ: ಅನುವಾದಕಿ, ಬೆಳಗಾವಿ

ನೆಪ ಮಾತ್ರ ಬೇಡ. ಇಷ್ಟು ವರ್ಷ ನಿಮ್ಮ ವಾಕ್ಯಗಳನ್ನು ಓದಿದವರಿಗೆ ಅದು ತಕ್ಷಣ ತಿಳಿಯುತ್ತದೆ. 1918ರಲ್ಲಿ ಇಂಗ್ಲಿಷ್ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಮತ್ತು ಅವರ ಪತಿ ತಮ್ಮ ಹೋಗಾರ್ತ್ ಪ್ರೆಸ್ಸಿನಲ್ಲಿ ಕಥೆಗಾರ್ತಿ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಅವರ ನೀಳ್ಗತೆಯೊಂದನ್ನು ಕೈಯಿಂದ ಮೊಳೆ ಜೋಡಿಸಿ ಅಚ್ಚುಮಾಡಿದರು. 1923ರ ಜನವರಿಯಲ್ಲಿ ಮ್ಯಾನ್ಸ್‌ಫೀಲ್ಡ್ ತೀರಿಕೊಂಡಾಗ, ತಾವು ಮತ್ಸರಪಟ್ಟ ಬರವಣಿಗೆ ಅವರದೊಂದೇ ಎಂದು ವುಲ್ಫ್ ದಿನಚರಿಯಲ್ಲಿ ಬರೆದುಕೊಂಡರು. ಆ ಮಾತನ್ನು ಕೇಳಬೇಕಾದವರು ಅಷ್ಟರಲ್ಲಿ ಇರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಬಹುಮಾನ ಬಂದ ಕಥೆಯನ್ನು ಮತ್ತೆ ತೆಗೆದು, ಯಾವ ಸಾಲಿನಲ್ಲಿ ನಿಮಗೆ ಹೊಟ್ಟೆ ಉರಿಯಿತೋ ಅಲ್ಲಿಯೇ ಗುರುತು ಹಾಕಿ. ನೀವು ಬರೆಯಲು ಹಂಬಲಿಸುತ್ತಿರುವುದು ಏನೆಂಬುದು ಆ ಸಾಲಿನಲ್ಲಿ ಸಿಗಬಹುದು. ಆಮೇಲೆ ಅವರಿಗೆ ಹೇಳಿ.

ಉತ್ತರ: ಚಿತ್ರಕಲಾವಿದೆ, ಬಾಗಲಕೋಟೆ

ಬೆಳಗಾವಿಯ ಅಕ್ಕನವರ ಮಾತನ್ನು ಒಪ್ಪುತ್ತೇನೆ, ಆದರೆ ಹೇಳುವುದಕ್ಕೂ ಹೊತ್ತುಗೊತ್ತು ನೋಡಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ತಮ್ಮ ಗೆಲುವನ್ನು ಮನಸಾರೆ ಅನುಭವಿಸಲು ಸಿಗುವ ದಿನಗಳೇ ಕಡಿಮೆ. ಆ ದಿನಗಳಲ್ಲಿ ನಿಮ್ಮನ್ನು ಸಮಾಧಾನಪಡಿಸುವ ಹೊಣೆಯನ್ನೂ ಅವರ ಮೇಲೆ ಹಾಕಬೇಡಿ. ಅಮೆರಿಕದ ಕವಯಿತ್ರಿಯರಾದ ಆ್ಯನ್ ಸೆಕ್ಸ್‌ಟನ್ ಮತ್ತು ಮ್ಯಾಕ್ಸಿನ್ ಕ್ಯೂಮಿನ್ ಬರೆಯುವ ಹೊತ್ತಿನಲ್ಲಿ ಫೋನು ಕೆಳಗಿಡದೆ, ಹೊಸ ಸಾಲು ಹೊಳೆದಾಗಲೆಲ್ಲ ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರು. ಪುಲಿಟ್ಜರ್ ಪ್ರಶಸ್ತಿ ಸೆಕ್ಸ್‌ಟನ್ ಅವರಿಗೆ ಬಂದದ್ದು 1967ರಲ್ಲಿ, ಕ್ಯೂಮಿನ್ ಅವರಿಗೆ 1973ರಲ್ಲಿ. ನಡುವಿನ ಆ ವರ್ಷಗಳಲ್ಲಿ ಅವರ ಒಡನಾಟ ಮುರಿಯಲಿಲ್ಲ.

ನಮ್ಮ ಕಣ್ಣನ್ನು ನಾವೇ ನಂಬಲಾಗದಾಗ ಚಿತ್ರವನ್ನು ತಲೆಕೆಳಗಾಗಿ ನಿಲ್ಲಿಸಿ ನೋಡುತ್ತೇವೆ. ಮುಖ, ಮನೆ, ಮರಗಳು ಮರೆತುಹೋಗಿ ಬಣ್ಣದ ತೂಕ ಎಲ್ಲಿ ತಪ್ಪಿದೆ ಎಂಬುದು ಆಗ ಕಾಣುತ್ತದೆ. ಕಥೆಯನ್ನಾದರೆ ಅವರ ಬಾಯಿಂದಲೇ ಗಟ್ಟಿಯಾಗಿ ಓದಿಸಿ ಕೇಳಿ. ಕಿವಿಗೆ ಎಡವಿದ್ದನ್ನು ಮಾತ್ರ ಹೇಳಿ.

ಉತ್ತರ: ನಿವೃತ್ತ ಅಧ್ಯಾಪಕಿ, ವಿಜಯಪುರ

ತಂಗಿ, ಇದು ನಿಮ್ಮಿಬ್ಬರ ಮನಸ್ಸಿನಲ್ಲಿ ಮಾತ್ರ ಹುಟ್ಟಿದ ಸಂಗತಿಯಲ್ಲ. ಯಾವುದಾದರೂ ಸಮ್ಮೇಳನದ ಆಹ್ವಾನ ಪತ್ರಿಕೆಯನ್ನು ತೆರೆದು ನೋಡು. ಮಹಿಳೆಯರಿಗೆಂದು ಒಂದು ಗೋಷ್ಠಿಯನ್ನು ಬೇರೆ ಮಾಡಿ, ಉಳಿದ ಗೋಷ್ಠಿಗಳಲ್ಲಿ ಒಬ್ಬಳಿಗೆ ಸ್ಥಾನ ಕೊಟ್ಟರೆ ಸಾಕೆಂದುಕೊಳ್ಳುವುದು ರೂಢಿಯಾಗಿದೆ. ಇರುವ ಒಂದೇ ಕುರ್ಚಿಯ ಮುಂದೆ ಇಬ್ಬರು ಗೆಳತಿಯರನ್ನು ನಿಲ್ಲಿಸಿದವರು ಯಾರು ಎಂದು ಕೇಳಬೇಕಲ್ಲವೇ? 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯ 50,000 ಪೌಂಡ್ ಕನ್ನಡದ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಸಮಪಾಲಾಗಿ ಸಂದಿತು, ಏಕೆಂದರೆ ಆ ಪ್ರಶಸ್ತಿಯ ನಿಯಮವೇ ಹಾಗಿದೆ. ಮುಂದೆ ಸಂಘಟಕರು ನಿನ್ನನ್ನು ಕರೆದಾಗ ಅವಳ ಹೆಸರನ್ನೂ ಹೇಳು; ಅವಳೂ ಹಾಗೆಯೇ ಮಾಡಲಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ವಂದನೆಗಳು. ಗುರುತು ಹಾಕುತ್ತ ಹೋದಂತೆ ಅವೆಲ್ಲವೂ ಸಂಭಾಷಣೆಗಳ ಮೇಲೆಯೇ ಬಿದ್ದವು. ಅವಳ ಪಾತ್ರಗಳು ಇಳಕಲ್ಲಿನ ಓಣಿಯ ಮಾತನ್ನು ಹಾಗೆಯೇ ಆಡುತ್ತವೆ. ನನ್ನವು ಪುಸ್ತಕದ ಕನ್ನಡದಲ್ಲಿ ಮಾತನಾಡುತ್ತವೆ. ಬಹುಮಾನ ವಿತರಣೆ ಮುಗಿದ ಮೇಲೆ ಎಲ್ಲವನ್ನೂ ಅವಳಿಗೆ ಹೇಳಿ, ನನ್ನ ಹೊಸ ಕಥೆಯ ಮಾತುಗಳನ್ನು ಅವಳಿಂದಲೇ ಗಟ್ಟಿಯಾಗಿ ಓದಿಸಬೇಕೆಂದಿದ್ದೇನೆ.